ಅರ್ಹತಾ ಗುಂಪು (ಏಷ್ಯಾ ಕಿರಿಯರ ಫುಟ್‌ಬಾಲ್)

ಅರ್ಹತಾ ಗುಂಪು ಎಂದರೆ ಅಂತರರಾಷ್ಟ್ರೀಯ ಫುಟ್‌ಬಾಲ್ ಚಾಂಪಿಯನ್‌ಷಿಪ್ ಒಂದರ ಪ್ರಧಾನ ಸುತ್ತಿಗೆ ತಂಡಗಳನ್ನು ಆರಿಸಲು ಮೂರರಿಂದ ಆರು ದೇಶಗಳನ್ನು ಒಟ್ಟುಗೂಡಿಸಿ, ಲೀಗ್ ಮಾದರಿಯಲ್ಲಿ ಪರಸ್ಪರ ಆಡಿಸುವ ಘಟಕ. ಏಷ್ಯಾದ ಕಿರಿಯರ ಫುಟ್‌ಬಾಲಿನಲ್ಲಿ ಈ ಗುಂಪುಗಳನ್ನು ಏಷ್ಯನ್ ಫುಟ್‌ಬಾಲ್ ಕಾನ್ಫೆಡರೇಷನ್ (ಎಎಫ್‌ಸಿ) ರಚಿಸುತ್ತದೆ. ಸಾಮಾನ್ಯವಾಗಿ ಗುಂಪಿನ ಎಲ್ಲ ಪಂದ್ಯಗಳೂ ಒಂದೇ ದೇಶದಲ್ಲಿ, ಒಂದು ವಾರದ ಆಸುಪಾಸಿನಲ್ಲಿ ಮುಗಿಯುತ್ತವೆ. ಪ್ರಧಾನ ಸುತ್ತಿನ ಗುಂಪುಗಳು ಕಿರಿಯರ ವಿಶ್ವಕಪ್‌ಗೆ ಅರ್ಹತೆಯ ಹಾದಿಯೂ ಆಗಿರುವುದರಿಂದ ವಿಶಾಲ ಅರ್ಥದಲ್ಲಿ ಅವುಗಳನ್ನೂ ಇದೇ ಹೆಸರಿನಡಿ ಸೇರಿಸಬಹುದು. ಕರ್ನಾಟಕದಲ್ಲಿ ಇಂಥ ಗುಂಪುಗಳ ಪಂದ್ಯಗಳು 2006ರಲ್ಲಿ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ನಡೆದವು.

ಪರಿಭಾಷೆ

ಈ ಲೇಖನದಲ್ಲಿ ‘ಅರ್ಹತಾ ಸುತ್ತು’ ಎಂದರೆ ಒಂದು ಆವೃತ್ತಿಯ ಎಲ್ಲ ಅರ್ಹತಾ ಗುಂಪುಗಳ ಒಟ್ಟು ಸ್ಪರ್ಧೆ. ‘ಪ್ರಧಾನ ಸುತ್ತು’ ಎಂದರೆ ಅಲ್ಲಿಂದ ಆಯ್ಕೆಯಾದ ತಂಡಗಳ ಚಾಂಪಿಯನ್‌ಷಿಪ್. ಯಾವ ತಂಡ ಯಾವ ಗುಂಪಿಗೆ ಎಂಬುದನ್ನು ನಿರ್ಧರಿಸುವ ಕ್ರಿಯೆಯನ್ನು ‘ಚೀಟಿ ಎತ್ತುವಿಕೆ’ ಎಂದೂ, ಸಮಬಲದಲ್ಲಿ ಮುಗಿದ ಪಂದ್ಯವನ್ನು ‘ಡ್ರಾ’ ಎಂದೂ ಕರೆಯಲಾಗಿದೆ. ‘ಗೋಲು ವ್ಯತ್ಯಾಸ’ ಎಂದರೆ ತಂಡ ಹೊಡೆದ ಗೋಲುಗಳಿಂದ ಬಿಟ್ಟುಕೊಟ್ಟ ಗೋಲುಗಳನ್ನು ಕಳೆದಾಗ ಉಳಿಯುವ ಸಂಖ್ಯೆ. ಸಮಾನ ಅಂಕ ಗಳಿಸಿದ ತಂಡಗಳು ತಮ್ಮತಮ್ಮೊಳಗೆ ಆಡಿದ ಪಂದ್ಯಗಳ ಫಲಿತಾಂಶ ‘ಮುಖಾಮುಖಿ ಫಲಿತಾಂಶ’.

ಹುಟ್ಟು ಮತ್ತು ಬೆಳವಣಿಗೆ

ಎಎಫ್‌ಸಿ 1954ರಲ್ಲಿ ಮನಿಲಾದಲ್ಲಿ ಸ್ಥಾಪನೆಯಾಯಿತು. ಭಾರತ ಅದರ ಸ್ಥಾಪಕ ಸದಸ್ಯ ರಾಷ್ಟ್ರಗಳಲ್ಲೊಂದು. ಏಷ್ಯಾದ ಕಿರಿಯರ ಚಾಂಪಿಯನ್‌ಷಿಪ್ 1959ರಲ್ಲಿ ಕ್ವಾಲಾಲಂಪುರದಲ್ಲಿ ಆರಂಭವಾಯಿತು. ಮೊದಲ ಪ್ರಶಸ್ತಿ ದಕ್ಷಿಣ ಕೊರಿಯಾದ ಪಾಲಾಯಿತು. ಎರಡು ದಶಕಗಳ ಕಾಲ ಪ್ರತಿವರ್ಷ ನಡೆಯುತ್ತಿದ್ದ ಈ ಸ್ಪರ್ಧೆ 1980ರಿಂದ ಎರಡು ವರ್ಷಕ್ಕೊಮ್ಮೆ ನಡೆಯುವ ಪದ್ಧತಿಗೆ ಬಂತು. ಭಾರತದ ಏಕೈಕ ಪ್ರಶಸ್ತಿ ಆ ವಾರ್ಷಿಕ ಆವೃತ್ತಿಗಳ ಕಾಲದ್ದು. 1974ರಲ್ಲಿ ಬ್ಯಾಂಕಾಕ್‌ನ ಫೈನಲ್‌ನಲ್ಲಿ ಶಬ್ಬೀರ್ ಅಲಿ ನಾಯಕತ್ವದ ಭಾರತ ಇರಾನ್ ಜತೆ 2–2ರ ಡ್ರಾ ಮಾಡಿಕೊಂಡು ಜಂಟಿ ಚಾಂಪಿಯನ್ ಆಯಿತು.

ಅರ್ಹತಾ ಗುಂಪುಗಳು ಅನಿವಾರ್ಯವಾದದ್ದು ಎರಡು ಕಾರಣಗಳಿಂದ. ಮೊದಲನೆಯದು ಸದಸ್ಯ ಸಂಖ್ಯೆ. ಪಶ್ಚಿಮ ಏಷ್ಯಾದ ದೇಶಗಳು, 1990ರ ದಶಕದಲ್ಲಿ ಮಧ್ಯ ಏಷ್ಯಾದ ಹೊಸ ಗಣರಾಜ್ಯಗಳು, 2006ರಲ್ಲಿ ಆಸ್ಟ್ರೇಲಿಯಾ ಸೇರಿ ಎಎಫ್‌ಸಿಯ ಸದಸ್ಯರು ಇಂದು 47. ಇಷ್ಟೂ ತಂಡಗಳನ್ನು ಒಂದೇ ಊರಿನಲ್ಲಿ ಆಡಿಸುವುದು ಆಗದ ಮಾತು. ಎರಡನೆಯದು ವಿಶ್ವಕಪ್. ಫಿಫಾ 1977ರಲ್ಲಿ ಟ್ಯುನೀಷಿಯಾದಲ್ಲಿ ವಿಶ್ವ ಯುವ ಚಾಂಪಿಯನ್‌ಷಿಪ್ (ಇಂದಿನ 20 ವರ್ಷದೊಳಗಿನವರ ವಿಶ್ವಕಪ್) ಆರಂಭಿಸಿತು. 1985ರಲ್ಲಿ ಚೀನಾದಲ್ಲಿ 16 ವರ್ಷದೊಳಗಿನವರ ವಿಶ್ವ ಸ್ಪರ್ಧೆ ಶುರುವಾದ ವರ್ಷವೇ ಏಷ್ಯಾದಲ್ಲೂ ಆ ವಯೋಮಾನದ ಚಾಂಪಿಯನ್‌ಷಿಪ್ ಕತಾರ್‌ನಲ್ಲಿ ಮೊದಲ್ಗೊಂಡಿತು. ಅಲ್ಲಿಂದ ಮುಂದೆ ಏಷ್ಯಾದ ಕಿರಿಯರ ಪಂದ್ಯಾವಳಿ ಕೇವಲ ಒಂದು ಟ್ರೋಫಿಯ ಸ್ಪರ್ಧೆಯಾಗಿ ಉಳಿಯಲಿಲ್ಲ. ವಿಶ್ವಕಪ್‌ನ ಬಾಗಿಲು ಅದಾಯಿತು, ಆ ಬಾಗಿಲಿಗೆ ಹೋಗುವ ಮೆಟ್ಟಿಲು ಅರ್ಹತಾ ಗುಂಪಾಯಿತು.

ಹುಡುಗಿಯರ ವಿಭಾಗದ ಮೊದಲ ಏಷ್ಯಾ ಚಾಂಪಿಯನ್‌ಷಿಪ್ (19 ವರ್ಷದೊಳಗಿನವರದು) 2002ರಲ್ಲಿ ಗೋವಾದಲ್ಲಿ ನಡೆಯಿತು. 17 ವರ್ಷದೊಳಗಿನ ಹುಡುಗಿಯರ ಸ್ಪರ್ಧೆ 2005ರಲ್ಲಿ ಆರಂಭವಾಯಿತು.

ಹೆಸರುಗಳೂ ಬದಲಾಗಿವೆ. ಹಿಂದೆ ಏಷ್ಯಾ ಸ್ಪರ್ಧೆ ವಿಶ್ವಕಪ್‌ಗಿಂತ ಒಂದು ವರ್ಷ ಮೊದಲು ನಡೆಯುತ್ತಿದ್ದುದರಿಂದ ಅದನ್ನು 19 ಮತ್ತು 16 ವರ್ಷದೊಳಗಿನವರದೆಂದು ಕರೆಯಲಾಗುತ್ತಿತ್ತು. 2023ರಿಂದ ಎರಡೂ ಒಂದೇ ವರ್ಷಕ್ಕೆ ಬಂದವು. ಅವು ಈಗ ‘20 ವರ್ಷದೊಳಗಿನವರ ಏಷ್ಯಾ ಕಪ್’ ಮತ್ತು ‘17 ವರ್ಷದೊಳಗಿನವರ ಏಷ್ಯಾ ಕಪ್’. ಹಳೆಯ ವರದಿಗಳನ್ನು ಓದುವಾಗ ಈ ಒಂದು ವರ್ಷದ ಅಂತರ ನೆನಪಿನಲ್ಲಿರಬೇಕು.

ರಚನೆ

ಹಿಂದಿನ ಆವೃತ್ತಿಗಳ ಸಾಧನೆಯ ಆಧಾರದ ಮೇಲೆ ತಂಡಗಳನ್ನು ಶ್ರೇಣಿಗಳಾಗಿ ವಿಂಗಡಿಸಿ, ಪ್ರತಿ ಶ್ರೇಣಿಯಿಂದ ಒಂದೊಂದು ತಂಡ ಬರುವಂತೆ ಚೀಟಿ ಎತ್ತಲಾಗುತ್ತದೆ. ಗುಂಪಿನ ಒಂದು ದೇಶ ಆತಿಥ್ಯ ವಹಿಸುತ್ತದೆ. ಗೆದ್ದರೆ 3 ಅಂಕ, ಡ್ರಾಗೆ 1, ಸೋತರೆ ಸೊನ್ನೆ.

ನಾಲ್ಕು ತಂಡಗಳ ಗುಂಪಿನಲ್ಲಿ 6 ಪಂದ್ಯ, ಐದು ತಂಡಗಳಿದ್ದರೆ 10, ಆರಿದ್ದರೆ 15. ನಾಲ್ಕರ ಗುಂಪಿನ ಪ್ರತಿ ತಂಡ ಬಹುತೇಕ ದಿನ ಬಿಟ್ಟು ದಿನ ಕಣಕ್ಕಿಳಿದು ಐದು ದಿನಗಳಲ್ಲಿ ಮೂರು ಪಂದ್ಯ ಆಡಿ ಮುಗಿಸುತ್ತದೆ. ಹದಿನಾರು ಹದಿನೇಳರ ಹುಡುಗರ ಮೈಗೆ ಇದು ಸಣ್ಣ ಹೊರೆಯಲ್ಲ. ಆದ್ದರಿಂದ 23 ಆಟಗಾರರ ತಂಡದಲ್ಲಿ ಯಾರನ್ನು ಯಾವ ಪಂದ್ಯಕ್ಕೆ ಉಳಿಸಿಕೊಳ್ಳಬೇಕು ಎಂಬ ಲೆಕ್ಕ ಕೋಚ್‌ನ ಕೆಲಸದ ದೊಡ್ಡ ಪಾಲಾಗುತ್ತದೆ. ಐದು ತಂಡಗಳ ಗುಂಪಿನಲ್ಲಿ ಪ್ರತಿ ಸುತ್ತಿಗೂ ಒಂದು ತಂಡಕ್ಕೆ ಬಿಡುವು ಸಿಗುತ್ತದೆ. 2025ರ ನವೆಂಬರ್‌ನಲ್ಲಿ ಅಹಮದಾಬಾದಿನಲ್ಲಿ ನಡೆದ 17 ವರ್ಷದೊಳಗಿನವರ ಗುಂಪಿನಲ್ಲಿ ಭಾರತ 22, 26, 28 ಮತ್ತು 30ರಂದು ಆಡಿದ್ದು ಹೀಗೆ. 24ರ ಸುತ್ತು ಅದರ ಬಿಡುವು.

ಸಮಾನ ಅಂಕದ ನಿರ್ಣಯ

ಪಂದ್ಯಗಳು ಕಡಿಮೆ ಇರುವುದರಿಂದ ಎರಡು ತಂಡಗಳು ಒಂದೇ ಅಂಕದಲ್ಲಿ ನಿಲ್ಲುವುದು ಸಾಮಾನ್ಯ. ಆಗ ಎಎಫ್‌ಸಿ ಮೊದಲು ಮುಖಾಮುಖಿ ಫಲಿತಾಂಶ ನೋಡುತ್ತದೆ: ಆ ಪಂದ್ಯಗಳ ಅಂಕ, ಗೋಲು ವ್ಯತ್ಯಾಸ, ಗೋಲುಗಳ ಸಂಖ್ಯೆ. ಅದರಲ್ಲೂ ಸಮವಾದರೆ ಇಡೀ ಗುಂಪಿನ ಗೋಲು ವ್ಯತ್ಯಾಸ, ಬಳಿಕ ಒಟ್ಟು ಗೋಲುಗಳು. ಅಷ್ಟಕ್ಕೂ ತೀರ್ಮಾನವಾಗದೆ, ಆ ಎರಡು ತಂಡಗಳೇ ಕಡೆಯ ಸುತ್ತಿನಲ್ಲಿ ಎದುರಾಗಿದ್ದರೆ ಪೆನಾಲ್ಟಿ ಶೂಟೌಟ್. ಇಲ್ಲವಾದರೆ ಹಳದಿ, ಕೆಂಪು ಕಾರ್ಡ್‌ಗಳ ಲೆಕ್ಕ. ಎಲ್ಲಕ್ಕೂ ಕೊನೆ ಚೀಟಿ ಎತ್ತುವುದು.

ಇದರ ಸ್ಪಷ್ಟ ನಿದರ್ಶನ 2019ರ ಸೆಪ್ಟೆಂಬರ್‌ನಲ್ಲಿ ತಾಷ್ಕೆಂಟ್‌ನಲ್ಲಿ ನಡೆದ 16 ವರ್ಷದೊಳಗಿನವರ ‘ಬಿ’ ಗುಂಪು. ಭಾರತ, ಉಜ್ಬೇಕಿಸ್ತಾನ್, ಬಹರೇನ್, ತುರ್ಕ್‌ಮೆನಿಸ್ತಾನ್ ಅದರಲ್ಲಿದ್ದವು. ಬಿಬಿಯಾನೊ ಫರ್ನಾಂಡಿಸ್ ತರಬೇತಿಯ ಭಾರತ ಮೊದಲು ತುರ್ಕ್‌ಮೆನಿಸ್ತಾನವನ್ನು 5–0, ನಂತರ ಬಹರೇನ್ ತಂಡವನ್ನೂ 5–0 ಅಂತರದಲ್ಲಿ ಮಣಿಸಿತು. ಸೆಪ್ಟೆಂಬರ್ 22ರ ಕಡೆಯ ಪಂದ್ಯದಲ್ಲಿ ಆತಿಥೇಯ ಉಜ್ಬೇಕಿಸ್ತಾನ್ ಎದುರು 1–1. ಎರಡೂ ತಂಡಗಳಿಗೆ ತಲಾ 7 ಅಂಕ. ಮುಖಾಮುಖಿ ಪಂದ್ಯ ಡ್ರಾ ಆದ ಕಾರಣ ಅಲ್ಲಿ ಇತ್ಯರ್ಥವಾಗಲಿಲ್ಲ. ಒಟ್ಟು ಗೋಲು ವ್ಯತ್ಯಾಸದಲ್ಲಿ ಭಾರತದ ಲೆಕ್ಕ 10. ಗುಂಪಿನ ಅಗ್ರಸ್ಥಾನ ಭಾರತಕ್ಕೆ ದಕ್ಕಿತು. ಮೊದಲ ಪಂದ್ಯದಲ್ಲಿ ಗೆಲುವು ಖಾತ್ರಿಯಾದ ಮೇಲೆ ಬಂದ ನಾಲ್ಕನೇ, ಐದನೇ ಗೋಲುಗಳಿಗೆ ಬೆಲೆ ಬಂದದ್ದು ಮೂರನೇ ಪಂದ್ಯ ಮುಗಿದ ಮೇಲೆ. ಆದರೆ ಆ ಅರ್ಹತೆ ಕೈಗೂಡಲಿಲ್ಲ: ಬಹರೇನ್‌ನಲ್ಲಿ ನಡೆಯಬೇಕಿದ್ದ 2020ರ ಪ್ರಧಾನ ಸುತ್ತು ಕೋವಿಡ್‌ನಿಂದಾಗಿ ಮುಂದೆ ಹೋಗಿ, 2021ರ ಆರಂಭದಲ್ಲಿ ರದ್ದಾಯಿತು. ಆ ವಯಸ್ಸಿನ ಆಟಗಾರರಿಗೆ ಅದೇ ಸ್ಪರ್ಧೆ ಮತ್ತೆ ಸಿಗುವುದಿಲ್ಲ ಎಂಬುದು ಕಿರಿಯರ ಫುಟ್‌ಬಾಲಿನ ಕಠಿಣ ಸತ್ಯ.

ಎರಡನೇ ಸ್ಥಾನಿಗಳ ಪಟ್ಟಿ

ಗುಂಪಿನ ವಿಜೇತರ ಜತೆಗೆ ಎಲ್ಲ ಗುಂಪುಗಳ ಎರಡನೇ ಸ್ಥಾನಿಗಳನ್ನು ಹೋಲಿಸಿ, ಉತ್ತಮ ಎನಿಸಿದ ಕೆಲವು ತಂಡಗಳಿಗೂ ಅವಕಾಶ ಕೊಡುವುದು ಹಲವು ಆವೃತ್ತಿಗಳಲ್ಲಿ ನಡೆದುಬಂದ ಪದ್ಧತಿ. ಗುಂಪುಗಳ ಗಾತ್ರ ಬೇರೆಬೇರೆಯಾಗಿದ್ದರೆ ದೊಡ್ಡ ಗುಂಪಿನಲ್ಲಿ ಕೊನೆಯ ಸ್ಥಾನದ ತಂಡದೆದುರಿನ ಫಲಿತಾಂಶವನ್ನು ಈ ಹೋಲಿಕೆಯಿಂದ ಕೈಬಿಡಲಾಗುತ್ತದೆ.

ಈ ಪಟ್ಟಿ ಭಾರತಕ್ಕೆ ಒಲಿದದ್ದೂ ಇದೆ, ಕೈಕೊಟ್ಟದ್ದೂ ಇದೆ. 2022ರ ಅಕ್ಟೋಬರ್‌ನಲ್ಲಿ ಸೌದಿ ಅರೇಬಿಯಾದ ದಮ್ಮಾಮ್‌ನಲ್ಲಿ 17 ವರ್ಷದೊಳಗಿನವರ ತಂಡ ಮಾಲ್ಡೀವ್ಸ್ (5–0), ಕುವೈತ್ (3–0), ಮ್ಯಾನ್ಮಾರ್ (4–1) ತಂಡಗಳನ್ನು ಸೋಲಿಸಿ, ಸೌದಿ ಎದುರು 1–2ರಿಂದ ಸೋತರೂ ಎರಡನೇ ಸ್ಥಾನಿಯಾಗಿ 2023ರ ಏಷ್ಯಾ ಕಪ್‌ಗೆ ಹೋಯಿತು. 2024ರ ಸೆಪ್ಟೆಂಬರ್‌ನಲ್ಲಿ ಲಾವೋಸ್‌ನ ವಿಯೆಂಟಿಯಾನ್‌ನಲ್ಲಿ 20 ವರ್ಷದೊಳಗಿನವರ ತಂಡ ಮಂಗೋಲಿಯಾವನ್ನು 4–1, ಲಾವೋಸ್ ತಂಡವನ್ನು 2–0 ಅಂತರದಲ್ಲಿ ಸೋಲಿಸಿ, ಇರಾನ್‌ಗೆ 0–1ರಲ್ಲಿ ಮಣಿಯಿತು. ಆರು ಅಂಕ, ಎರಡನೇ ಸ್ಥಾನ. ಹತ್ತು ಗುಂಪುಗಳ ಪೈಕಿ ಐದು ಉತ್ತಮ ಎರಡನೇ ಸ್ಥಾನಿಗಳಿಗೆ ಮಾತ್ರ ಅವಕಾಶವಿತ್ತು. ಆ ಐದರೊಳಗೆ ಭಾರತ ಬರಲಿಲ್ಲ.

ವಯೋಮಿತಿ ಮತ್ತು ಅದರ ಪರಿಶೀಲನೆ

ಕಿರಿಯರ ಗುಂಪನ್ನು ಹಿರಿಯರ ಗುಂಪಿನಿಂದ ಬೇರ್ಪಡಿಸುವ ಮುಖ್ಯ ನಿಯಮ ವಯೋಮಿತಿ. ಗೆರೆ ಬೀಳುವುದು ಜನವರಿ 1ಕ್ಕೆ. 2026ರ 17 ವರ್ಷದೊಳಗಿನವರ ಏಷ್ಯಾ ಕಪ್‌ಗೆ 2009ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರಷ್ಟೇ ಅರ್ಹರು. ಹಿಂದಿನ ದಿನ, ಅಂದರೆ 2008ರ ಡಿಸೆಂಬರ್ 31ರಂದು ಹುಟ್ಟಿದವನು ಅನರ್ಹ. ಶಾಲೆಯ ಒಂದೇ ತರಗತಿಯಲ್ಲಿ ಕೂರುವ ಇಬ್ಬರನ್ನು ಈ ಗೆರೆ ಬೇರೆಬೇರೆ ತಂಡಗಳಿಗೆ ಕಳಿಸಬಲ್ಲದು.

ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್ ಮೊದಲ ದಾಖಲೆಗಳು. ದಾಖಲೆಯಷ್ಟರಿಂದಲೇ ವಯಸ್ಸು ಖಚಿತವಾಗದ ಕಾರಣ, 17 ವರ್ಷದೊಳಗಿನ ಹುಡುಗರಿಗೆ ಮಣಿಕಟ್ಟಿನ ಎಂಆರ್‌ಐ ಪರೀಕ್ಷೆಯನ್ನು ಫಿಫಾ 2009ರ ವಿಶ್ವಕಪ್‌ನಿಂದ ಜಾರಿಗೆ ತಂದಿತು. ಮುಂಗೈಯ ಎರಡು ಮೂಳೆಗಳಲ್ಲಿ ಹೆಬ್ಬೆರಳಿನ ಕಡೆಯದು ರೇಡಿಯಸ್. ಮಣಿಕಟ್ಟಿನ ಬಳಿ ಅದರ ತುದಿಯಲ್ಲಿ ಮೃದ್ವಸ್ಥಿಯ ಪದರವೊಂದಿದ್ದು, ಬೆಳವಣಿಗೆ ನಿಲ್ಲುವ ಹೊತ್ತಿಗೆ ಅದು ಪೂರ್ತಿ ಮೂಳೆಯಾಗಿ ಬೆಸೆದುಕೊಳ್ಳುತ್ತದೆ. ಈ ಬೆಸುಗೆಯನ್ನು ಆರು ಹಂತಗಳಾಗಿ ಗುರುತಿಸುತ್ತಾರೆ. ಆರನೆಯ ಹಂತ ಎಂದರೆ ಸಂಪೂರ್ಣ ಬೆಸುಗೆ. ಅದು ಕಂಡುಬಂದ ಆಟಗಾರ 17 ದಾಟಿರುವ ಸಂಭವ ಬಹಳ ಹೆಚ್ಚು ಎಂದು ಪರಿಗಣಿಸಲಾಗುತ್ತದೆ. ಎಕ್ಸ್‌ರೇಗೆ ಬದಲು ಎಂಆರ್‌ಐ ಆರಿಸಲು ಕಾರಣ, ಅದರಲ್ಲಿ ವಿಕಿರಣದ ಸೋಂಕಿಲ್ಲ. ಹುಡುಗಿಯರಲ್ಲಿ ಬೆಸುಗೆ ಬೇಗ ಮುಗಿಯುವುದರಿಂದ ಅದೇ ಅಳತೆ ಅವರಿಗೆ ಹೊಂದುವುದಿಲ್ಲ.

ಪ್ರಕಾರಗಳು

ಮೊದಲ ಪ್ರಕಾರ, ಪ್ರಧಾನ ಸುತ್ತಿಗೆ ಮುಂಚಿನ ಅರ್ಹತಾ ಗುಂಪು. ತಾಷ್ಕೆಂಟ್, ದಮ್ಮಾಮ್, ವಿಯೆಂಟಿಯಾನ್, ಅಹಮದಾಬಾದ್ ಗುಂಪುಗಳು ಈ ಜಾತಿಯವು. ಗುಂಪು ಚಿಕ್ಕದಾಗಿ ಮೂರೇ ತಂಡಗಳದ್ದೂ ಆಗಬಹುದು. 2025ರ ಅಕ್ಟೋಬರ್‌ನಲ್ಲಿ ಬಿಷ್ಕೆಕ್‌ನಲ್ಲಿ 17 ವರ್ಷದೊಳಗಿನ ಹುಡುಗಿಯರ ‘ಜಿ’ ಗುಂಪಿನಲ್ಲಿದ್ದದ್ದು ಭಾರತ, ಕಿರ್ಗಿಸ್ತಾನ್, ಉಜ್ಬೇಕಿಸ್ತಾನ್ ಮಾತ್ರ. ಎರಡು ಪಂದ್ಯಗಳನ್ನೂ 2–1ರಲ್ಲಿ ಗೆದ್ದು ಭಾರತ ಅರ್ಹತೆ ಪಡೆಯಿತು.

ಎರಡನೆಯದು, ವಿಶ್ವಕಪ್ ಅರ್ಹತೆಯ ಮೊದಲ ಹಂತವಾಗುವ ಪ್ರಧಾನ ಸುತ್ತಿನ ಗುಂಪು. ಇಲ್ಲಿ ಮೊದಲ ಎರಡು ಸ್ಥಾನ ಪಡೆದು ಕ್ವಾರ್ಟರ್‌ಫೈನಲ್ ಗೆದ್ದ ನಾಲ್ಕು ತಂಡಗಳು 20 ವರ್ಷದೊಳಗಿನವರ ವಿಶ್ವಕಪ್‌ಗೆ ಹೋಗುತ್ತವೆ. ಬೆಂಗಳೂರಿನಲ್ಲಿ ನಡೆದದ್ದು ಈ ಪ್ರಕಾರದ ಗುಂಪುಗಳು.

ಆತಿಥೇಯ ದೇಶಕ್ಕೆ ಪ್ರಧಾನ ಸುತ್ತಿನಲ್ಲಿ ನೇರ ಪ್ರವೇಶ ಇರುವುದರಿಂದ ಅದು ಅರ್ಹತೆಯ ಫಲಿತಾಂಶವನ್ನು ಅವಲಂಬಿಸುವುದಿಲ್ಲ. 2017ರ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಭಾರತ ಆಡಿದ್ದು ಆತಿಥೇಯನಾಗಿ. ಕೊಲಂಬಿಯಾ ವಿರುದ್ಧ ಜೀಕ್ಸನ್ ಸಿಂಗ್ ತಲೆಯಿಂದ ಹೊಡೆದದ್ದು ಫಿಫಾ ವಿಶ್ವಕಪ್ ಒಂದರಲ್ಲಿ ಭಾರತದ ಮೊದಲ ಗೋಲು. ಅದಕ್ಕೆ ಕಾರ್ನರ್ ಒದ್ದವರು ಬೆಂಗಳೂರಿನ ಸಂಜೀವ್ ಸ್ಟಾಲಿನ್.

ಬೆಂಗಳೂರಿನ ಗುಂಪುಗಳು, 2006

2006ರ ಎಎಫ್‌ಸಿ ಯುವ ಚಾಂಪಿಯನ್‌ಷಿಪ್ (19 ವರ್ಷದೊಳಗಿನವರು) ಅಕ್ಟೋಬರ್ 29ರಿಂದ ನವೆಂಬರ್ 12ರವರೆಗೆ ಭಾರತದಲ್ಲಿ ನಡೆಯಿತು. ಕೋಲ್ಕತ್ತ ಮತ್ತು ಬೆಂಗಳೂರು ಆತಿಥ್ಯ ಹಂಚಿಕೊಂಡವು. ಹದಿನಾರು ತಂಡಗಳು, ನಾಲ್ಕು ಗುಂಪುಗಳು. 2007ರಲ್ಲಿ ಕೆನಡಾದಲ್ಲಿ ನಡೆಯಲಿದ್ದ ವಿಶ್ವಕಪ್‌ಗೆ ಏಷ್ಯಾದಿಂದ ನಾಲ್ಕು ಸ್ಥಾನ. 1987ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದ ಆಟಗಾರರ ಸ್ಪರ್ಧೆ ಇದು.

ಆತಿಥೇಯ ಭಾರತ ದಕ್ಷಿಣ ಕೊರಿಯಾ, ಜೋರ್ಡಾನ್, ಕಿರ್ಗಿಸ್ತಾನ್ ಜತೆ ‘ಎ’ ಗುಂಪಿನಲ್ಲಿ ಕೋಲ್ಕತ್ತದಲ್ಲಿ ಆಡಿ, ಗುಂಪಿನ ಹಂತದಲ್ಲೇ ಹೊರಬಿತ್ತು. ಬೆಂಗಳೂರಿನ ಪಾಲಿಗೆ ಬಂದದ್ದು ‘ಸಿ’ ಮತ್ತು ‘ಡಿ’. ‘ಸಿ’ಯಲ್ಲಿ ಜಪಾನ್, ಉತ್ತರ ಕೊರಿಯಾ, ಇರಾನ್, ತಜಿಕಿಸ್ತಾನ್; ‘ಡಿ’ಯಲ್ಲಿ ಸೌದಿ ಅರೇಬಿಯಾ, ಇರಾಕ್, ಮಲೇಷ್ಯಾ, ವಿಯೆಟ್ನಾಂ. ಸ್ವಂತ ದೇಶದ ತಂಡವಿಲ್ಲದ ಗುಂಪುಗಳಾದರೂ, ಫುಟ್‌ಬಾಲಿನ ದೃಷ್ಟಿಯಿಂದ ಚಾಂಪಿಯನ್‌ಷಿಪ್‌ನ ತಿರುಳು ಇಲ್ಲಿಯೇ ಇತ್ತು.

‘ಸಿ’ ಗುಂಪಿನಲ್ಲಿ ಜಪಾನ್ ಉತ್ತರ ಕೊರಿಯಾವನ್ನು 2–0, ತಜಿಕಿಸ್ತಾನವನ್ನು 4–0 ಅಂತರದಲ್ಲಿ ಸೋಲಿಸಿತು. ಇರಾನ್‌ಗೆ 1–2ರಿಂದ ಸೋತಿತು. ಜಪಾನನ್ನು ಸೋಲಿಸಿದ ಇರಾನ್ ಮಾತ್ರ ಮುಂದಿನ ಹಂತ ತಲುಪಲಿಲ್ಲ. ಜಪಾನ್ ಮತ್ತು ಉತ್ತರ ಕೊರಿಯಾ ಮುನ್ನಡೆದವು. ‘ಡಿ’ಯಿಂದ ಸೌದಿ ಮತ್ತು ಇರಾಕ್. ಕ್ವಾರ್ಟರ್‌ಫೈನಲ್‌ನಲ್ಲಿ ಎರಡು ಗುಂಪುಗಳ ತಂಡಗಳು ಅಡ್ಡಹಾಯ್ದು ಎದುರಾದವು: ಜಪಾನ್ 2–1ರಿಂದ ಸೌದಿಯನ್ನೂ, ಉತ್ತರ ಕೊರಿಯಾ 2–0ಯಿಂದ ಇರಾಕನ್ನೂ ಮಣಿಸಿ ಕೆನಡಾಕ್ಕೆ ದಾರಿ ಮಾಡಿಕೊಂಡವು. ಇನ್ನೆರಡು ಸ್ಥಾನ ದಕ್ಷಿಣ ಕೊರಿಯಾ ಮತ್ತು ಜೋರ್ಡಾನ್‌ಗೆ.

ನವೆಂಬರ್ 12ರಂದು ಕೋಲ್ಕತ್ತದ ಸಾಲ್ಟ್‌ಲೇಕ್ ಕ್ರೀಡಾಂಗಣದ ಫೈನಲ್‌ನಲ್ಲಿ ಎದುರುಬದುರಾದದ್ದು ಬೆಂಗಳೂರಿನ ಒಂದೇ ಗುಂಪಿನಿಂದ ಬಂದ ಜಪಾನ್ ಮತ್ತು ಉತ್ತರ ಕೊರಿಯಾ ತಂಡಗಳೇ. 1–1ರ ಬಳಿಕ ಶೂಟೌಟ್‌ನಲ್ಲಿ 5–3ರಿಂದ ಗೆದ್ದ ಉತ್ತರ ಕೊರಿಯಾ ಚಾಂಪಿಯನ್ ಆಯಿತು. ಗುಂಪಿನಲ್ಲಿ ಸೋತ ತಂಡ ಅದೇ ಎದುರಾಳಿಯ ಮೇಲೆ ಪ್ರಶಸ್ತಿ ಗೆಲ್ಲಬಹುದು ಎಂಬುದಕ್ಕೆ ಈ ಆವೃತ್ತಿ ಒಳ್ಳೆಯ ದೃಷ್ಟಾಂತ.

ಪಂದ್ಯಗಳು ನಡೆದ ಶ್ರೀ ಕಂಠೀರವ ಕ್ರೀಡಾಂಗಣ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಸಿದ್ಧವಾದದ್ದು. ಅಥ್ಲೆಟಿಕ್ಸ್ ಟ್ರ್ಯಾಕ್ ಸುತ್ತುವರಿದ ಅಂಗಳ ಅದರದು. 2015ರಲ್ಲಿ ಹಿರಿಯರ ವಿಶ್ವಕಪ್ ಅರ್ಹತಾ ಪಂದ್ಯಗಳಾದ ಭಾರತ–ಓಮನ್, ಭಾರತ–ಗುವಾಮ್ ಕೂಡ ಇಲ್ಲೇ ನಡೆದವು.

ಚಿಕ್ಕಬಳ್ಳಾಪುರ ಜಿಲ್ಲೆ ಮತ್ತು ಆಯ್ಕೆಯ ಮಾರ್ಗ

ಕಂಠೀರವದಲ್ಲಿ 2006ರ ಆ ಪಂದ್ಯಗಳು ನಡೆದಾಗ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳು ಕೋಲಾರ ಜಿಲ್ಲೆಗೆ ಸೇರಿದ್ದವು. ಮರುವರ್ಷ, 2007ರಲ್ಲಿ, ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾಯಿತು. ಜಿಲ್ಲಾ ಕೇಂದ್ರಕ್ಕೂ ಬೆಂಗಳೂರಿಗೂ ಇರುವ ದೂರ 60 ಕಿ.ಮೀ. ಒಳಗೆ.

ಈ ಭಾಗದ ಶಾಲಾ ಆಟಗಾರನೊಬ್ಬ ರಾಷ್ಟ್ರೀಯ ತಂಡದ ಮೂಲಕ ಅರ್ಹತಾ ಗುಂಪನ್ನು ಮುಟ್ಟಲು ಎರಡು ಹಾದಿಗಳಿವೆ. ಒಂದು ಶಾಲಾ ಶಿಕ್ಷಣ ಇಲಾಖೆಯ ಕ್ರೀಡಾಕೂಟಗಳದ್ದು: ತಾಲ್ಲೂಕು, ಜಿಲ್ಲೆ, ಬೆಂಗಳೂರು ವಿಭಾಗ, ರಾಜ್ಯ, ಅಲ್ಲಿಂದ ರಾಷ್ಟ್ರೀಯ ಶಾಲಾ ಕ್ರೀಡಾಕೂಟ. 1960ರಲ್ಲಿ ಆರಂಭವಾದ ಸುಬ್ರತೊ ಕಪ್ ಅಂತರಶಾಲಾ ಪಂದ್ಯಾವಳಿಯೂ ಇದೇ ಜಾಡಿನದು. ಇನ್ನೊಂದು ಸಂಘಟನೆಯ ಹಾದಿ: ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆಯಲ್ಲಿ ನೋಂದಾಯಿತ ಕ್ಲಬ್ ಅಥವಾ ಅಕಾಡೆಮಿ, ರಾಜ್ಯದ ಕಿರಿಯರ ತಂಡ, ಬಿ.ಸಿ. ರಾಯ್ ಟ್ರೋಫಿಯಂಥ ರಾಷ್ಟ್ರೀಯ ಚಾಂಪಿಯನ್‌ಷಿಪ್, ಬಳಿಕ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಆಯ್ಕೆ ಶಿಬಿರ. ಇತ್ತೀಚಿನ ವರ್ಷಗಳಲ್ಲಿ ಕಿರಿಯರ ರಾಷ್ಟ್ರೀಯ ತಂಡಗಳಿಗೆ ಹೆಚ್ಚಿನ ಆಟಗಾರರು ಬರುತ್ತಿರುವುದು ಅಕಾಡೆಮಿಗಳಿಂದ. ಹೀಗಾಗಿ ಶಾಲಾ ಕ್ರೀಡಾಕೂಟದಲ್ಲಿ ಮಿಂಚಿದ ಹುಡುಗ ಅಥವಾ ಹುಡುಗಿ ಹದಿಮೂರು ಹದಿನಾಲ್ಕರೊಳಗೆ ಎರಡನೇ ಹಾದಿಗೆ ಬರದಿದ್ದರೆ 17 ವರ್ಷದೊಳಗಿನವರ ಗುಂಪಿನ ವೇಳೆಗೆ ಹಿಂದುಳಿಯುವ ಸಾಧ್ಯತೆ ಹೆಚ್ಚು. ರಾಜ್ಯದಲ್ಲಿ ವಸತಿ ಸಹಿತ ತರಬೇತಿಯ ಮುಖ್ಯ ತಾಣ ಬಳ್ಳಾರಿ ಭಾಗದ ವಿಜಯನಗರದಲ್ಲಿರುವ ಬೆಂಗಳೂರು ಎಫ್‌ಸಿ ಅಕಾಡೆಮಿ. ಬೆಂಗಳೂರಿನ ಉತ್ತರ ಅಂಚಿನ ಪಡುಕೋಣೆ–ದ್ರಾವಿಡ್ ಕ್ರೀಡಾ ಕೇಂದ್ರದಲ್ಲಿ ರಾಷ್ಟ್ರೀಯ ತಂಡಗಳ ಶಿಬಿರಗಳು ನಡೆದಿವೆ. ಅದು ಚಿಕ್ಕಬಳ್ಳಾಪುರದ ದಿಕ್ಕಿನಲ್ಲೇ ಇದೆ.

ಜಿಲ್ಲೆಯ ಮುಖ್ಯ ಅಂಗಳಗಳು ಚಿಕ್ಕಬಳ್ಳಾಪುರದ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣ, ಗೌರಿಬಿದನೂರಿನ ನೇತಾಜಿ ಕ್ರೀಡಾಂಗಣ, ಚಿಂತಾಮಣಿಯ ಝಾನ್ಸಿ ಕ್ರೀಡಾಂಗಣ, ಶಿಡ್ಲಘಟ್ಟದ ನೆಹರೂ ಕ್ರೀಡಾಂಗಣ. ಸ್ವಾತಂತ್ರ್ಯೋತ್ಸವ, ರಾಜ್ಯೋತ್ಸವದ ಪಥಸಂಚಲನದಿಂದ ಹಿಡಿದು ಕಬಡ್ಡಿ, ಕೊಕ್ಕೊ, ವಾಲಿಬಾಲ್, ಕ್ರಿಕೆಟ್‌ವರೆಗೆ ಎಲ್ಲವೂ ನಡೆಯುವ ಬಹುಪಯೋಗಿ ಮೈದಾನಗಳಿವು. ಅಂತರರಾಷ್ಟ್ರೀಯ ಪಂದ್ಯಕ್ಕೆ ಸಾಮಾನ್ಯವಾಗಿ ಬಳಸುವ ಅಂಗಳದ ಅಳತೆ 105 ಮೀಟರ್ ಉದ್ದ, 68 ಮೀಟರ್ ಅಗಲ. ಗೋಲುಕಂಬಗಳ ನಡುವಿನ ಅಂತರ 7.32 ಮೀಟರ್, ಎತ್ತರ 2.44 ಮೀಟರ್. ಈ ಅಳತೆಯ, ಹುಲ್ಲುಹಾಸಿನ ಅಂಗಳದಲ್ಲಿ ಕಿರಿಯ ವಯಸ್ಸಿನಿಂದಲೇ ಆಡಿ ರೂಢಿಯಾಗುವುದು ಅರ್ಹತಾ ಗುಂಪಿನ ವೇಗಕ್ಕೆ ಬೇಕಾದ ಮೊದಲ ಸಿದ್ಧತೆ.

ಉಪಯೋಗ

ತಂಡಗಳನ್ನು ಆರಿಸುವುದರ ಹೊರತಾಗಿ ಅರ್ಹತಾ ಗುಂಪು ಬೇರೆ ಕೆಲಸಗಳನ್ನೂ ಮಾಡುತ್ತದೆ. ಮುಂದಿನ ಆವೃತ್ತಿಯ ಶ್ರೇಣಿ ನಿರ್ಧಾರಕ್ಕೆ ಇದರ ಫಲಿತಾಂಶ ಆಧಾರ. ಸಣ್ಣ ದೇಶಗಳ ಕಿರಿಯರಿಗೆ ಬಲಾಢ್ಯ ತಂಡಗಳ ಎದುರು ಆಡುವ ಅವಕಾಶ ಹೆಚ್ಚಾಗಿ ಇಲ್ಲೇ ಸಿಗುತ್ತದೆ. ಆತಿಥ್ಯ ವಹಿಸಿದ ನಗರಕ್ಕೆ ಅಂಗಳ, ದೀಪ, ವೈದ್ಯಕೀಯ ವ್ಯವಸ್ಥೆಗಳನ್ನು ಅಂತರರಾಷ್ಟ್ರೀಯ ಮಟ್ಟಕ್ಕೆ ತರಬೇಕಾದ ಹೊಣೆ ಬೀಳುತ್ತದೆ.

ಇಂದಿನ ಸ್ಥಿತಿ

17 ವರ್ಷದೊಳಗಿನವರ ವಿಶ್ವಕಪ್ 2025ರಿಂದ 48 ತಂಡಗಳ ವಾರ್ಷಿಕ ಸ್ಪರ್ಧೆಯಾದ ಮೇಲೆ ಏಷ್ಯಾದ ಅರ್ಹತಾ ಕ್ರಮವೂ ಬದಲಾಯಿತು. 2026ರ ಏಷ್ಯಾ ಕಪ್‌ಗೆ 2025ರ ವಿಶ್ವಕಪ್‌ನಲ್ಲಿ ಸ್ಥಾನ ಪಡೆದಿದ್ದ ಒಂಬತ್ತು ಏಷ್ಯಾ ತಂಡಗಳಿಗೆ ನೇರ ಪ್ರವೇಶ ಸಿಕ್ಕಿತು. ಉಳಿದ 38 ತಂಡಗಳು ಏಳು ಗುಂಪುಗಳಲ್ಲಿ ಸೆಣಸಿದವು. ಗುಂಪಿನ ವಿಜೇತರಿಗಷ್ಟೇ ಅವಕಾಶ. ಎರಡನೇ ಸ್ಥಾನಿಗಳ ಪಟ್ಟಿಯ ಆಸರೆ ಇಲ್ಲ.

ಅಹಮದಾಬಾದಿನ ‘ಡಿ’ ಗುಂಪಿನಲ್ಲಿ ಭಾರತ ಪ್ಯಾಲೆಸ್ಟೀನ್ ಎದುರು 1–1ರ ಡ್ರಾ ಮಾಡಿಕೊಂಡು, ಚೀನಾ ತೈಪೆಯನ್ನು 3–1ರಿಂದ ಸೋಲಿಸಿ, ಲೆಬನಾನ್‌ಗೆ 0–2ರಲ್ಲಿ ಶರಣಾಯಿತು. ನವೆಂಬರ್ 30ರಂದು ಇರಾನ್ ವಿರುದ್ಧ ಗೆಲುವೊಂದೇ ದಾರಿ. ಇರಾನ್ ಮೊದಲು ಗೋಲು ಹೊಡೆಯಿತು. ವಿರಾಮಕ್ಕೆ ಮುನ್ನ ಪೆನಾಲ್ಟಿಯಲ್ಲಿ ಸಮ ಮಾಡಿಕೊಂಡ ಭಾರತ, ಉತ್ತರಾರ್ಧದಲ್ಲಿ ಇನ್ನೊಂದು ಗೋಲು ಸೇರಿಸಿ 2–1ರಿಂದ ಗೆದ್ದಿತು. 7 ಅಂಕಗಳೊಂದಿಗೆ ಗುಂಪಿನ ಅಗ್ರಸ್ಥಾನಕ್ಕೇರಿತು. ಕೋಚ್ ಇಲ್ಲಿಯೂ ಬಿಬಿಯಾನೊ ಫರ್ನಾಂಡಿಸ್.

ಹುಡುಗಿಯರ ವಿಭಾಗದ ಸಾಧನೆ ಇದಕ್ಕಿಂತಲೂ ದೊಡ್ಡದು. 2025ರ ಆಗಸ್ಟ್‌ನಲ್ಲಿ ಯಾಂಗೊನ್‌ನಲ್ಲಿ 20 ವರ್ಷದೊಳಗಿನವರ ‘ಡಿ’ ಗುಂಪಿನಲ್ಲಿ ಭಾರತ ಇಂಡೊನೇಷ್ಯಾ ಜತೆ 0–0, ತುರ್ಕ್‌ಮೆನಿಸ್ತಾನ್ ವಿರುದ್ಧ 7–0, ಕಡೆಗೆ ಆತಿಥೇಯ ಮ್ಯಾನ್ಮಾರ್ ವಿರುದ್ಧ 1–0 ಫಲಿತಾಂಶ ಪಡೆದು, 2006ರ ನಂತರ ಮೊದಲ ಬಾರಿಗೆ ಏಷ್ಯಾ ಕಪ್‌ಗೆ ಅರ್ಹವಾಯಿತು. ಎರಡು ತಿಂಗಳ ಬಳಿಕ ಬಿಷ್ಕೆಕ್‌ನ ಗೆಲುವೂ ಸೇರಿ, 2026ರ ಹುಡುಗಿಯರ ಎರಡೂ ವಯೋವಿಭಾಗಗಳ ಏಷ್ಯಾ ಕಪ್‌ಗಳಲ್ಲಿ ಭಾರತ ಅರ್ಹತಾ ಗುಂಪಿನಲ್ಲಿ ಆಡಿ ಸ್ಥಾನ ಗಳಿಸಿತು.